ಮಾತಾಡಿಸು

ಊರಿನಲ್ಲಿ ಯಾರಾದರೂ ತೀರಿಕೊಂಡರೆ ನಾವು 'ಮಾತಾಡಿಸಿಕೊಂಡು ಬರೋಣ' ಎಂದು ಚಪ್ಪಲಿ ಮೆಟ್ಟುತ್ತೇವೆ. ಆಡು ಎಂಬುದಕ್ಕೆ 'ಇಸು' ಸೇರಿದರೆ ಕೆಲಸ ಎದುರಿನವರದಾಗುತ್ತದೆ. ಉಣ್ಣಿಸಿದಾಗ ಉಣ್ಣುವುದು ಮಗು. ಮಾತಾಡಿಸಿದಾಗ ಆಡಬೇಕಾದವರು ನೊಂದವರು. ಕಾಯಿಲೆ ಬಿದ್ದವರನ್ನು, ತವರಿಗೆ ಬಂದ ಮಗಳನ್ನು, ಕೊಟ್ಟಿಗೆಯ ಹಸುವನ್ನೂ ಮಾತಾಡಿಸುತ್ತೇವೆ. ಮುನಿಸಿಕೊಂಡವರ ದೊಡ್ಡ ದೂರೂ ಅದೇ: 'ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ.'

ದೆಹಲಿಯ ಪಂಜಾಬಿ ನೆರೆಹೊರೆ ಸಾವಿನ ಮನೆಗೆ 'ಅಫ್ಸೋಸ್ ಕರ್ನೇ' ಹೋಗುತ್ತದೆ. ಅಲ್ಲಿ ದುಃಖ ಹೇಳುವವರು ಬಂದವರು. ನಾಲ್ಕನೆಯ ದಿನ 'ಚೌಥಾ': ಗುಡಿಯ ಹಾಲ್, ಬಿಳಿ ಹಾಸು, ಒಂದು ಗಂಟೆ ಭಜನೆ, ಆಮೇಲೆ ಸಾಲಾಗಿ ಕೈಮುಗಿದು ಹೊರಡುವುದು. ಗುರುಗ್ರಾಮದಿಂದ ಎರಡು ಮೆಟ್ರೊ ಬದಲಿಸಿ ಬಂದು ಕೈಮುಗಿದವರ ಪ್ರೀತಿಯನ್ನು ನಾನು ಸಣ್ಣದೆನ್ನಲಾರೆ.

ಮಯೂರ್ ವಿಹಾರದ ಗೆಳೆಯ ತಂದೆಗೆ ಹಾಗೆಯೇ ಚೌಥಾ ಮಾಡಿಸಿದ. ಹಾಸನದ ಕಡೆಯ ಅವನ ತಾಯಿಗೆ ಬರುವ ಹಿಂದಿ ತರಕಾರಿ ಲೆಕ್ಕಕ್ಕೆ ಸಾಲುವಷ್ಟು. ಹಾಲ್ ತುಂಬಿತ್ತು. ರಾತ್ರಿ ಆಕೆ, 'ಯಾರೂ ಮಾತಾಡಿಸಲೇ ಇಲ್ವಲ್ಲೋ' ಅಂದರಂತೆ. ಕೈಮುಗಿದು ಹೊರಟವರಲ್ಲಿ ನಾನೂ ಒಬ್ಬ.

ಇಂಥ ಹೊತ್ತಿಗೆಂದೇ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ್ದು. 14416ಕ್ಕೆ ಕರೆ ಮಾಡಿ ಕನ್ನಡವನ್ನೇ ಆರಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಎದೆ ಭಾರವಾದವರಿಗೆ ಅದು ದೊಡ್ಡ ಆಸರೆ. ನಂಬರನ್ನು ಗೆಳೆಯನಿಗೆ ಕಳಿಸಿದೆ. ಕಳಿಸಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಭಾನುವಾರ ಹೋದೆ.

'ಆವತ್ತು ಏನಾಯ್ತಮ್ಮ?' ಅಂದೆ, ಅಷ್ಟೇ. ಮದರ್ ಡೈರಿ ಬೂತಿಗೆ ಹಾಲಿಗೆ ಹೋದ ಯಜಮಾನರು ಡಬ್ಬಿ ಮರೆತು ವಾಪಸ್ ಬಂದರು, ಮತ್ತೆ ಹೋದರು, ಮೆಟ್ಟಿಲಲ್ಲೇ ಕುಸಿದರು. ಹೇಳಿ ಮುಗಿಸಿ ಆಕೆ ಸೆರಗಿನ ಅಂಚು ಸುರುಳಿ ಸುತ್ತುತ್ತಾ ಕುಳಿತರು. ಕಾಫಿ ಕುಡಿದ ಮೇಲೆ ಮತ್ತೆ ಮೊದಲಿಂದ ಹೇಳಿದರು. ಈ ಸಲ ಯಜಮಾನರ ಕಂದು ಸ್ವೆಟರ್ ಬಂತು, ಕೆಳಗಿನ ಮನೆಯ ಹುಡುಗ ಓಡಿಬಂದದ್ದು ಬಂತು. ಗೆಳೆಯ ತಡೆಯಲು ಬಾಯಿ ತೆರೆದ. ಬೇಡವೆಂದು ಕಣ್ಸನ್ನೆ ಮಾಡಿದೆ.

ಕತ್ತಲಾಗುವ ಹೊತ್ತಿಗೆ ಮೂರನೆಯ ಸಲ ಶುರು ಮಾಡಿದರು. ಡಬ್ಬಿಯ ಹತ್ತಿರ ಬಂದು ನಿಂತರು.

'ಮರೆತು ಬಂದ್ರಲ್ಲ, ಆಗ ರೇಗಿಬಿಟ್ಟೆ ಕಣಪ್ಪ.'