ಮುಂಬಯಿಯ ಸ್ವತಂತ್ರ ವಿಡಿಯೋ ಗೇಮ್ ತಯಾರಿಕೆ: ಪರಿಕರಗಳು ಮತ್ತು ಸಮ್ಮೇಳನಗಳ ಇತಿಹಾಸ

ದೊಡ್ಡ ಪ್ರಕಾಶಕರ ಬಂಡವಾಳವಿಲ್ಲದೆ ಒಬ್ಬರೋ ನಾಲ್ಕಾರು ಮಂದಿಯೋ ಸೇರಿ ತಮ್ಮದೇ ಕಲ್ಪನೆಯ ವಿಡಿಯೋ ಗೇಮ್ ಕಟ್ಟುವುದಕ್ಕೆ ಸ್ವತಂತ್ರ ಅಥವಾ ಇಂಡೀ ಗೇಮ್ ತಯಾರಿಕೆ ಎಂಬ ಹೆಸರಿದೆ. ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಈ ಕೆಲಸಕ್ಕೆ ಒದಗಿದ ಸಾಫ್ಟ್‌ವೇರ್ ಪರಿಕರಗಳ ಮತ್ತು ಇದರ ಸುತ್ತ ಬೆಳೆದ ಸಮ್ಮೇಳನಗಳ ಚರಿತ್ರೆ ಈ ನಮೂದಿನ ವಿಷಯ.

ಲಭ್ಯ ಬರಹಗಳಲ್ಲಿ ಎರಡು ಬಗೆಯ ಗೊಂದಲಗಳಿವೆ. ಮೊದಲನೆಯದು ಊರಿನದು. ಬಾಂಬೆ ಪ್ಲೇ ಎಂಬ ಸಂಸ್ಥೆಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಲೂಡೋ ಕಿಂಗ್ ರೂಪಿಸಿದ ಗೇಮೆಷನ್ ನವಿ ಮುಂಬಯಿಯದು. ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ತಯಾರಿಸಿದ ನಾಡಿಂಗ್ ಹೆಡ್ಸ್ ಪುಣೆಯದು. ಮೂರನ್ನೂ ಒಟ್ಟಿಗೆ ‘ಮುಂಬಯಿ ಉದ್ಯಮ’ದ ಲೆಕ್ಕಕ್ಕೆ ಸೇರಿಸುವ ರೂಢಿ ಚರಿತ್ರೆಯನ್ನು ಮಸುಕಾಗಿಸಿದೆ. ಎರಡನೆಯದು ಅಂಕಿಗಳದು. ಉದ್ಯಮಗಳ ಒಕ್ಕೂಟವಾದ ಫಿಕ್ಕಿ ಪ್ರತಿವರ್ಷ ಹೊರತರುವ ಮಾಧ್ಯಮ ಮತ್ತು ಮನರಂಜನಾ ವರದಿಯ ‘ಆನ್‌ಲೈನ್ ಗೇಮಿಂಗ್’ ವಿಭಾಗದಲ್ಲಿ ಬಹುಕಾಲ ಸಿಂಹಪಾಲು ಇದ್ದದ್ದು ಹಣ ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳದು. ಆ ಮೊತ್ತದಿಂದ ಗೋರೆಗಾಂವ್‌ನ ಬಾಡಿಗೆ ಕೋಣೆಯೊಂದರಲ್ಲಿ ಪಜಲ್ ಗೇಮ್ ಬರೆಯುತ್ತಿದ್ದವರ ಸ್ಥಿತಿಗತಿ ತಿಳಿಯುವುದಿಲ್ಲ.

ಆರಂಭದ ವರ್ಷಗಳು

ಈ ಭಾಗದ ಕತೆ ಬಹುಮಟ್ಟಿಗೆ ಗೊತ್ತಿರುವುದೇ. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭವಾಯಿತು. 1999ರಲ್ಲಿ ವಿಶಾಲ್ ಗೊಂಡಾಲ್ ಮುಂಬಯಿಯಲ್ಲಿ ಇಂಡಿಯಾಗೇಮ್ಸ್ ಕಟ್ಟಿದರು. ಅದೇ ಆಸುಪಾಸಿನಲ್ಲಿ ನಜಾರಾ ಹುಟ್ಟಿತು. ಮುಂದೆ ಜಪಕ್, ಗೇಮ್ಸ್‌2ವಿನ್ ಬಂದವು. ಮೊಬೈಲ್ ಸೇವಾ ಕಂಪನಿಗಳು, ಜಾಹೀರಾತು ಸಂಸ್ಥೆಗಳು, ಸಿನಿಮಾ ನಿರ್ಮಾಪಕರು ಒಂದೇ ಊರಿನಲ್ಲಿದ್ದುದರಿಂದ ಮುಂಬಯಿಯ ಗೇಮ್ ಉದ್ಯಮ ತಲೆಯೆತ್ತಿದ್ದೇ ಸಿನಿಮಾ ಮತ್ತು ಕ್ರಿಕೆಟ್ ಹೆಸರಿನ ಮೊಬೈಲ್ ಗೇಮ್‌ಗಳಿಂದ.

ಸ್ವತಂತ್ರರಿಗೆ ಆ ಬಾಗಿಲು ಕಿರಿದಾಗಿತ್ತು. ಅಂದಿನ ಫೋನ್‌ಗಳಿಗೆ ಗೇಮ್ ಬರೆಯಲು ಬೇಕಾದ ಜಾವಾ ಎಂಇ, ಸನ್ ಕಂಪನಿಯ ವೈರ್‌ಲೆಸ್ ಟೂಲ್‌ಕಿಟ್, ನೆಟ್‌ಬೀನ್ಸ್ ಎಲ್ಲವೂ ಉಚಿತವೇ. ತೊಡಕು ಇದ್ದದ್ದು ಫೋನ್‌ಗಳಲ್ಲಿ. ನೋಕಿಯಾ ಸೀರೀಸ್ 40ರ ಹಳೆಯ ಮಾದರಿಗಳಲ್ಲಿ ಇಡೀ ಗೇಮ್ 64 ಕಿಲೋಬೈಟ್ ಒಳಗೆ ಅಡಕವಾಗಬೇಕಿತ್ತು. ಪರದೆ ಒಂದರಲ್ಲಿ 128x128, ಮತ್ತೊಂದರಲ್ಲಿ 176x208, ಇನ್ನೊಂದರಲ್ಲಿ 240x320. ಒಂದೇ ಗೇಮಿಗೆ ಹತ್ತಾರು ಆವೃತ್ತಿ ಮಾಡಿ, ಪ್ರತಿ ಫೋನಿನಲ್ಲೂ ಆಡಿಸಿ ನೋಡಬೇಕಿತ್ತು. ಪರೀಕ್ಷೆಗೆ ಅಷ್ಟೂ ಫೋನ್ ಇಟ್ಟುಕೊಳ್ಳುವುದು ಕಂಪನಿಗಳಿಗೆ ಮಾತ್ರ ಸಾಧ್ಯವಿತ್ತು. ಕೊನೆಗೆ ಮಾರಾಟವಾದರೂ ಹಣದ ದೊಡ್ಡ ಪಾಲು ಮೊಬೈಲ್ ಸೇವಾ ಕಂಪನಿಗೇ ಹೋಗುತ್ತಿತ್ತು. ಕಂಪ್ಯೂಟರ್ ಗೇಮ್ ಮಾಡಬಯಸಿದವರಿಗೆ ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯೇ ಆಧಾರ. ಗ್ರಾಫಿಕ್ಸ್ ಕಾರ್ಡು, ರ‍್ಯಾಮ್, ಬಿಡಿಬಿಡಿಯಾಗಿ ಜೋಡಿಸಿಕೊಂಡ ಕಂಪ್ಯೂಟರು ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು.

ಪರಿಕರಗಳ ಬೆಲೆ ಇಳಿದದ್ದು

ಮುಂಬಯಿಯ ಇಂಡೀ ಚರಿತ್ರೆಯ ತಿರುವನ್ನು ಯಾವುದಾದರೊಂದು ಮೇಳಕ್ಕೆ ಕಟ್ಟುವ ಬರಹಗಳೇ ಹೆಚ್ಚು. ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ತಿರುವು ಕಾಣುವುದು ಪರವಾನಗಿ ಪತ್ರಗಳಲ್ಲಿ. 2008ರ ಜುಲೈನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆದಾಗ ಮೊಬೈಲ್ ಸೇವಾ ಕಂಪನಿಯ ಒಪ್ಪಿಗೆಯಿಲ್ಲದೆ ಗೇಮ್ ಮಾರುವ ದಾರಿ ಸಿಕ್ಕಿತು. ವರ್ಷಕ್ಕೆ 99 ಡಾಲರ್ ಶುಲ್ಕ, ಜೊತೆಗೊಂದು ಮ್ಯಾಕ್ ಕಂಪ್ಯೂಟರು ಇದ್ದರೆ ಸಾಕು. 2009ರ ಅಕ್ಟೋಬರ್‌ನಲ್ಲಿ ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿ ಎಂಜಿನ್‌ನ ಮೂಲ ಆವೃತ್ತಿ ಉಚಿತವಾಯಿತು. ಆದರೆ ಐಫೋನ್‌ಗೋ ಆಂಡ್ರಾಯ್ಡ್‌ಗೋ ಗೇಮ್ ಹೊರತೆಗೆಯಲು ಬೇಕಾದ ಭಾಗಕ್ಕೆ ತಲಾ 400 ಡಾಲರ್ ತೆರಬೇಕಿತ್ತು. ಆ ಶುಲ್ಕ ರದ್ದಾದದ್ದು 2013ರ ಮೇನಲ್ಲಿ. ಈ ನಮೂದಿನ ಮಟ್ಟಿಗೆ ಅತ್ಯಂತ ಮುಖ್ಯವಾದ ತಾರೀಖು ಅದೇ. ಕಾಲೇಜು ಮುಗಿಸಿದ ಇಬ್ಬರು ಗೆಳೆಯರು ಸಾಲವಿಲ್ಲದೆ, ಕಳ್ಳಪ್ರತಿಯ ಹಂಗಿಲ್ಲದೆ ಫೋನಿಗೆ ಗೇಮ್ ಮಾಡಬಹುದಾದದ್ದು ಅಂದಿನಿಂದ. 2014ರಲ್ಲಿ ಗೊಡಾಟ್ ಎಂಬ ಎಂಜಿನ್ ಮುಕ್ತ ತಂತ್ರಾಂಶವಾಗಿ ಹೊರಬಂತು. 2015ರ ಮಾರ್ಚ್‌ನಲ್ಲಿ ಅನ್‌ರಿಯಲ್ ಎಂಜಿನ್ ತಿಂಗಳ ಚಂದಾ ಬಿಟ್ಟು, ಗಳಿಕೆಯಲ್ಲಿ ಪಾಲನ್ನಷ್ಟೇ ಕೇಳುವ ಕ್ರಮಕ್ಕೆ ಬಂತು. 2017ರಲ್ಲಿ ಸ್ಟೀಮ್, ಬಳಕೆದಾರರ ಮತದಾನದ ಪದ್ಧತಿ ಕೈಬಿಟ್ಟು ಗೇಮೊಂದಕ್ಕೆ 100 ಡಾಲರ್ ಕಟ್ಟಿದವರಿಗೆಲ್ಲ ಮಳಿಗೆಯ ಬಾಗಿಲು ತೆರೆಯಿತು.

ಈ ಕಾಲದ ಮುಂಬಯಿಗೆ ಒಳ್ಳೆಯ ನಿದರ್ಶನ ಶೈಲೇಶ್ ಪ್ರಭು ಅವರ ಯೆಲ್ಲೋ ಮಂಕಿ ಸ್ಟುಡಿಯೋಸ್. ಅದರ ‘ಹ್ಯೂಬ್ರಿಕ್ಸ್’ 2012ರಲ್ಲಿ ಬಂದ ಪಜಲ್ ಗೇಮ್: ಬಣ್ಣದ ಹಾದಿಗಳನ್ನು ಎಳೆಯುತ್ತ ಚೌಕಗಳ ಹಲಗೆಯನ್ನು ಪೂರ್ತಿ ತುಂಬಬೇಕು. 2015ರ ‘ಸೋಶಿಯೋಬಾಲ್’ನಲ್ಲಿ ಆಟಗಾರರು ತಾವೇ ಹಂತಗಳನ್ನು ರಚಿಸಿ ಟ್ವಿಟರ್ ಮೂಲಕ ಹಂಚಿಕೊಳ್ಳಬಹುದಿತ್ತು. ಸಿನಿಮಾ ನಟರ ಮುಖವಿಲ್ಲದೆ, ಕ್ರಿಕೆಟ್ಟಿನ ಹೆಸರಿಲ್ಲದೆ, ವಿನ್ಯಾಸವೊಂದನ್ನೇ ನೆಚ್ಚಿ ಮುಂಬಯಿಯಿಂದ ಹೊರಟ ಗೇಮ್‌ಗಳು ಇವು. ಮಾರಾಟದ ಅಂಕಿಗಿಂತ ಈ ಧೈರ್ಯಕ್ಕಾಗಿ ಇವನ್ನು ದಾಖಲಿಸಬೇಕು.

ಸಮ್ಮೇಳನಗಳ ವಲಸೆ

ಮುಂಬಯಿಗೆ ಮೊದಲಿನಿಂದಲೂ ದೊಡ್ಡ ಮಾಧ್ಯಮ ಸಮ್ಮೇಳನವೊಂದಿತ್ತು: ಹಲವು ವರ್ಷ ಪೊವಾಯಿಯಲ್ಲಿ ನಡೆದ ಫಿಕ್ಕಿ ಫ್ರೇಮ್ಸ್. ಅಲ್ಲಿ ಅನಿಮೇಷನ್ ಮತ್ತು ಗೇಮಿಂಗ್‌ಗೆ ಗೋಷ್ಠಿಗಳೂ ಇದ್ದವು, ಬಹುಮಾನಗಳೂ ಇದ್ದವು. ಆದರೆ ಅದು ವಾಹಿನಿಗಳ, ಸ್ಟುಡಿಯೋ ಮಾಲೀಕರ, ಸರ್ಕಾರಿ ಅಧಿಕಾರಿಗಳ ಸಭೆ. ಕೋಡ್ ಬರೆಯುವವರು, ಚಿತ್ರ ಬಿಡಿಸುವವರು ಒಬ್ಬರ ಕೆಲಸವನ್ನೊಬ್ಬರು ತೆರೆದು ನೋಡಿ ‘ಇಲ್ಲಿ ಆಟ ಬೇಸರ ಬರಿಸುತ್ತದೆ’ ಎಂದು ಹೇಳುವ ಜಾಗ ಅದಾಗಿರಲಿಲ್ಲ.

ಅಂಥ ಜಾಗ ಹುಟ್ಟಿದ್ದು ತಂತ್ರಾಂಶ ಉದ್ಯಮದ ಸಂಘಟನೆಯಾದ ನ್ಯಾಸ್‌ಕಾಮ್‌ನ ಗೇಮ್ ಡೆವಲಪರ್ ಕಾನ್ಫರೆನ್ಸ್‌ನಲ್ಲಿ. ಕೆಲವು ಮೂಲಗಳು ಇದನ್ನೂ ಇಂದಿನ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಅನ್ನೂ ಎರಡು ಬೇರೆ ಸಮ್ಮೇಳನಗಳೆಂದು ಎಣಿಸುತ್ತವೆ. ಎರಡೂ ಒಂದೇ ಸರಣಿ. ಹೆಸರು ಮಾತ್ರ ಬದಲಾಗಿದೆ, ಆವೃತ್ತಿಗಳ ಎಣಿಕೆ ಹಳೆಯದರಿಂದಲೇ ಮುಂದುವರಿದಿದೆ. 2010ರ ದಶಕದ ಮೊದಲ ವರ್ಷಗಳಲ್ಲಿ ಇದು ಪುಣೆಯಲ್ಲಿ ನಡೆಯಿತು, ದಶಕದ ಉತ್ತರಾರ್ಧದಿಂದ ಹೈದರಾಬಾದಿನಲ್ಲಿ, 2025ರಲ್ಲಿ ಚೆನ್ನೈಯಲ್ಲಿ. ಪಾಕೆಟ್ ಗೇಮರ್ ಕನೆಕ್ಟ್ಸ್ 2015 ಮತ್ತು 2016ರಲ್ಲಿ ಭಾರತಕ್ಕೆ ಬಂದಾಗ ಆರಿಸಿಕೊಂಡದ್ದು ಬೆಂಗಳೂರನ್ನು. ಸಮ್ಮೇಳನಗಳು ಮುಂಬಯಿಗೆ ಬಾರದಿದ್ದುದಕ್ಕೆ ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದಿತ್ತು, ತೆಲಂಗಾಣ ಸರ್ಕಾರವೂ ಈ ಉದ್ಯಮದ ಬೆನ್ನಿಗೆ ನಿಂತಿತ್ತು. ಮುಂಬಯಿಯಲ್ಲಿ ಸಭಾಂಗಣ, ಹೋಟೆಲ್ ಎರಡೂ ದುಬಾರಿ.

ಹೀಗಾಗಿ ಮುಂಬಯಿಯ ಇಂಡೀ ತಯಾರಕರು ತಮ್ಮ ಸಮ್ಮೇಳನಕ್ಕೆ ರೈಲು ಹತ್ತುವವರಾದರು. ಪುಣೆಗೆ ಮೂರು ಗಂಟೆಯ ದಾರಿ. ಹೈದರಾಬಾದಿಗೆ ರಾತ್ರಿಯಿಡೀ ಪ್ರಯಾಣ, ಅಲ್ಲಿ ವಸತಿ ಖರ್ಚು ಬೇರೆ. ನಗರದಲ್ಲಿ ಅವರಿಗೆ ಉಳಿದದ್ದು ಸಣ್ಣ ಮಾಸಿಕ ಕೂಟಗಳು, ಕಾಲೇಜುಗಳಲ್ಲಿ ನಡೆಯುವ ಗೇಮ್ ಜ್ಯಾಮ್‌ಗಳು. 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜ್ಯಾಮ್‌ನ ಮಾದರಿಯಲ್ಲಿ, ವಿಷಯ ಪ್ರಕಟವಾದ 48 ಗಂಟೆಗಳೊಳಗೆ ಆಡಬಹುದಾದ ಗೇಮೊಂದನ್ನು ಮಾಡಿ ಮುಗಿಸುವ ಪದ್ಧತಿ ಇದು. ಮುಂಬಯಿ ಕಾಮಿಕ್ ಕಾನ್, ಗೋರೆಗಾಂವ್‌ನ ಬಾಂಬೆ ಎಕ್ಸಿಬಿಷನ್ ಸೆಂಟರ್‌ಗೆ ದೊಡ್ಡ ಜನಸಂದಣಿಯನ್ನು ತಂದಿತು. ಆದರೆ ಅಲ್ಲಿಗೆ ಬರುವವರು ಅಭಿಮಾನಿಗಳು. ತಯಾರಕರ ಕಸುಬಿನ ಚರ್ಚೆಗೆ ಅಲ್ಲಿ ಎಡೆಯಿಲ್ಲ.

ಲಿಪಿಯ ತೊಡಕು

ಪರಿಕರಗಳ ಚರಿತ್ರೆಗಳು ತೀರ ಕಡಿಮೆ ಗಮನ ಕೊಟ್ಟಿರುವ ಸಂಗತಿ ಭಾರತೀಯ ಲಿಪಿಗಳದು. ಮರಾಠಿ, ಹಿಂದಿ, ಗುಜರಾತಿ, ಕನ್ನಡ ಒಟ್ಟಿಗೆ ಓದುವ ಮುಂಬಯಿಯಲ್ಲಿ ಇದು ಸಣ್ಣ ವಿಷಯವಲ್ಲ. ‘ಕ್ರಿಕೆಟ್’ ಪದವನ್ನೇ ನೋಡಿ. ಕಂಪ್ಯೂಟರಿನ ಸ್ಮೃತಿಯಲ್ಲಿ ಅದರ ಮೊದಲ ಅಕ್ಷರ ಕಕಾರ, ಹಲಂತ ಚಿಹ್ನೆ, ರಕಾರ, ಗುಡಿಸು ಎಂಬ ನಾಲ್ಕು ಬಿಡಿ ಸಂಕೇತಗಳಾಗಿರುತ್ತದೆ. ಗುಡಿಸನ್ನು ಕಕಾರಕ್ಕೆ ಸೇರಿಸಿ ರಕಾರವನ್ನು ಒತ್ತಾಗಿಸುವ ಕೆಲಸ ಅಕ್ಷರ ಜೋಡಿಸುವ ತಂತ್ರಾಂಶದ್ದು. ಯೂನಿಟಿಯಲ್ಲಿ ಎಲ್ಲರೂ ಬಳಸುತ್ತಿದ್ದ ಟೆಕ್ಸ್ಟ್‌ಮೆಶ್ ಪ್ರೋ ಈ ಕೆಲಸ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಒಂದು ಅರ್ಧ ಕಕಾರ, ಅದರ ಪಕ್ಕ ಇಡಿಯಾದ ರಕಾರ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ನಾಗರಿಯಲ್ಲಿ ಅಕ್ಷರದ ಎಡಕ್ಕೆ ಬರಬೇಕಾದ ಹ್ರಸ್ವ ಇಕಾರ ಬಲಕ್ಕೆ ಬೀಳುತ್ತಿತ್ತು. ತಯಾರಕರು ಯೂನಿಕೋಡ್ ಪಠ್ಯವನ್ನು ಹಳೆಯ ಫಾಂಟ್ ಸಂಕೇತಗಳಿಗೆ ಬದಲಿಸಿಕೊಂಡೋ ಪ್ರತಿ ಸಾಲನ್ನೂ ಚಿತ್ರವಾಗಿ ಅಂಟಿಸಿಯೋ ಹೇಗೋ ದಾಟುತ್ತಿದ್ದರು. ಸಂಭಾಷಣೆಯಲ್ಲಿ ಒಂದು ಪದ ತಿದ್ದಿದರೂ ಚಿತ್ರವನ್ನು ಹೊಸದಾಗಿ ಮಾಡಬೇಕು. ಇದರಿಂದ ಬೇಸತ್ತು ಇಂಗ್ಲಿಷಿನಲ್ಲೇ ಗೇಮ್ ಮುಗಿಸುವುದು ಸುಲಭವೆನಿಸಿತು. ಮುಂಬಯಿಯ ಗೇಮ್‌ಗಳಲ್ಲಿ ಮುಂಬಯಿಯ ಭಾಷೆಗಳು ಕಾಣದಿರುವುದಕ್ಕೆ ಮಾರುಕಟ್ಟೆಯನ್ನಷ್ಟೇ ದೂರುವವರು ಈ ತಾಂತ್ರಿಕ ಕಾರಣವನ್ನೂ ಗಣಿಸಬೇಕು. ಅನ್‌ರಿಯಲ್ ಎಂಜಿನ್ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿ ಈ ತೊಡಕನ್ನು ಮೊದಲೇ ನೀಗಿಕೊಂಡಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡಾಟ್ 4ರಲ್ಲೂ ಅದೇ ಪರಿಹಾರ. ಯೂನಿಟಿ ಆ ದಾರಿಗೆ ಬಂದದ್ದು ತನ್ನ 6ನೇ ಆವೃತ್ತಿಯಲ್ಲಿ.

2018ರ ನಂತರ

2018ರಲ್ಲಿ ಯೂಬಿಸಾಫ್ಟ್ ಮುಂಬಯಿಯಲ್ಲಿ ಸ್ಟುಡಿಯೋ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಲೂಡೋ ಕಿಂಗ್ ಮನೆಮಾತಾಯಿತು. 2023ರಲ್ಲಿ ಸೋನಿ ಪ್ಲೇಸ್ಟೇಷನ್ ‘ಇಂಡಿಯಾ ಹೀರೋ ಪ್ರಾಜೆಕ್ಟ್’ ಆರಂಭಿಸಿತು. ಅದಕ್ಕೆ ಆಯ್ಕೆಯಾದ ‘ಮುಕ್ತಿ’, ಮಾನವ ಕಳ್ಳಸಾಗಣೆಯ ಕತೆ ಹೇಳುವ ಗೇಮ್. ಮುಂಬಯಿಯ ಅಂಡರ್‌ಡಾಗ್ಸ್ ಸ್ಟುಡಿಯೋ ಅದರ ತಯಾರಕ. ನಗರದ ಬೀದಿಗಳನ್ನೇ ಕಥಾವಸ್ತುವಾಗಿಸಿಕೊಂಡ ‘ಮುಂಬಯಿ ಗಲ್ಲೀಸ್’ ಗೇಮಿಯಾನ್ ಸ್ಟುಡಿಯೋದ ಯೋಜನೆ.

2023ರ ಸೆಪ್ಟೆಂಬರ್ 12ರಂದು ಯೂನಿಟಿ, ಗೇಮ್ ಸ್ಥಾಪನೆಯಾದಾಗಲೆಲ್ಲ ಶುಲ್ಕ ವಿಧಿಸುವುದಾಗಿ ಘೋಷಿಸಿತು. ಗಳಿಕೆ ಎರಡು ಲಕ್ಷ ಡಾಲರನ್ನೂ ಸ್ಥಾಪನೆ ಎರಡು ಲಕ್ಷವನ್ನೂ ದಾಟಿದರೆ ಮಾತ್ರ ಅನ್ವಯಿಸುವ ಶುಲ್ಕವಾದ್ದರಿಂದ ಬಹುಪಾಲು ಸಣ್ಣ ತಂಡಗಳಿಗೆ ಅದು ತಟ್ಟುತ್ತಿರಲಿಲ್ಲ. ಆದರೂ ಆತಂಕ ನಿಜವಾದದ್ದೇ. ಜಾಹೀರಾತಿನ ಪುಡಿಗಾಸಿನಿಂದ ನಡೆಯುವ ಭಾರತದ ಉಚಿತ ಗೇಮ್‌ಗಳಲ್ಲಿ ಡೌನ್‌ಲೋಡ್ ಹೆಚ್ಚು, ಆದಾಯ ಕಡಿಮೆ. ಗೆದ್ದ ದಿನವೇ ಲೆಕ್ಕ ತಪ್ಪುವ ಭಯ ಅವುಗಳ ತಯಾರಕರದು. ಶುಲ್ಕ ರದ್ದಾಗಲು ಸರಿಯಾಗಿ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಹಲವರು ಗೊಡಾಟ್ ಕಲಿಯತೊಡಗಿದ್ದರು.

2025ರ ಮೇ 1ರಿಂದ 4ರವರೆಗೆ ಬಾಂದ್ರಾ–ಕುರ್ಲಾ ಸಂಕೀರ್ಣದ ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್‌ನಲ್ಲಿ ಮಾಧ್ಯಮ ಮತ್ತು ಮನರಂಜನಾ ಕ್ಷೇತ್ರಕ್ಕಾಗಿ ಕೇಂದ್ರ ಸರ್ಕಾರದ ವೇವ್ಸ್ ಶೃಂಗಸಭೆ ನಡೆಯಿತು. ಅದಕ್ಕೆ ಮುನ್ನ ನಡೆದ ‘ಕ್ರಿಯೇಟ್ ಇನ್ ಇಂಡಿಯಾ’ ಸ್ಪರ್ಧಾಮಾಲೆಯಲ್ಲಿ ಗೇಮ್ ಜ್ಯಾಮ್ ಕೂಡ ಸೇರಿತ್ತು. 10,000 ಪ್ರತಿನಿಧಿಗಳು, 90ಕ್ಕೂ ಹೆಚ್ಚು ದೇಶಗಳು ಎಂಬ ಅಂಕಿಗಳು ಉದ್ಘಾಟನೆಗೆ ಮುನ್ನವೇ ಹೊರಬಿದ್ದ ಸರ್ಕಾರಿ ಪ್ರಕಟಣೆಯಲ್ಲಿದ್ದವು. ಅವನ್ನು ನಿರೀಕ್ಷೆಗಳೆಂದೇ ಓದಿಕೊಳ್ಳಬೇಕು. ಜುಲೈ 18ರಂದು ಪೆಡ್ಡರ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಆವರಣದಲ್ಲಿ ಭಾರತೀಯ ಸೃಜನಶೀಲ ತಂತ್ರಜ್ಞಾನ ಸಂಸ್ಥೆ ಉದ್ಘಾಟನೆಯಾಯಿತು. ಗೇಮಿಂಗ್ ಅದರ ಪಠ್ಯಕ್ರಮದ ಒಂದು ವಿಭಾಗ. ಕಾಯಂ ಆವರಣಕ್ಕೆ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ 10 ಎಕರೆ ಗೊತ್ತುಪಡಿಸಲಾಗಿದೆ. ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್ ಮತ್ತು ಇತರ ಗೇಮ್‌ಗಳನ್ನು ಬೇರೆ ವರ್ಗವಾಗಿ ಗುರುತಿಸಿತು. ವಿಡಿಯೋ ಗೇಮ್ ಸ್ಟುಡಿಯೋಗಳು 2023ರಿಂದ ಕೇಂದ್ರಕ್ಕೆ ಮನವಿ ಸಲ್ಲಿಸುತ್ತ ಬಂದದ್ದು ಈ ವಿಂಗಡಣೆಗಾಗಿಯೇ. ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸಂಪುಟ ರಾಜ್ಯದ ಮೊದಲ ಅನಿಮೇಷನ್ ಮತ್ತು ಗೇಮಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತು, ಕರ್ನಾಟಕದ ಮೊದಲ ನೀತಿ ಬಂದ 13 ವರ್ಷಗಳ ನಂತರ. ಆ ವರ್ಷದ ನವೆಂಬರ್‌ನಲ್ಲೂ ಗೇಮ್ ತಯಾರಕರ ಸಮ್ಮೇಳನ ನಡೆದದ್ದು ಚೆನ್ನೈಯಲ್ಲಿ.