ಬಾಗಿಲ ಹಿಂದಿನ ಸುರ್‌ಬಹಾರ್

ಮುಂಬಯಿಯ ವಾರ್ಡನ್ ರಸ್ತೆಯ 'ಆಕಾಶ್ ಗಂಗಾ' ಎಂಬ ಕಟ್ಟಡದಲ್ಲಿ ಒಂದು ಮನೆಯ ಬಾಗಿಲಿಗೆ ಫಲಕವೊಂದು ತೂಗುತ್ತಿತ್ತು. ಗಂಟೆಯನ್ನು ಮೂರೇ ಸಲ ಒತ್ತಿ, ಯಾರೂ ಬಾಗಿಲು ತೆರೆಯದಿದ್ದರೆ ಚೀಟಿ ಬಿಟ್ಟು ಹೊರಡಿ ಎಂಬುದು ಅದರ ತಾತ್ಪರ್ಯ. ಒಳಗಿದ್ದವರು ಅನ್ನಪೂರ್ಣಾ ದೇವಿ. ಸುರ್‌ಬಹಾರ್ ವಾದನದಲ್ಲಿ ಅವರಿಗೆ ಸಮನಾದವರು ಇರಲಿಲ್ಲವೆಂದು ಸಂಗೀತ ಬಲ್ಲವರು ಇಂದಿಗೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅವರೆದುರು ಕುಳಿತು ಕೇಳಿದವರೇ ಅಲ್ಲ ಎಂಬುದು ಇಲ್ಲಿನ ವಿಚಿತ್ರ. 1950ರ ದಶಕದ ನಡುವಿನಲ್ಲಿ ವೇದಿಕೆಯಿಂದ ಇಳಿದವರು, 2018ರ ಅಕ್ಟೋಬರ್ 13ರಂದು ಕಣ್ಣು ಮುಚ್ಚುವವರೆಗೂ ಮತ್ತೆ ಅದನ್ನು ಹತ್ತಲಿಲ್ಲ.

ಅವರು ಹುಟ್ಟಿದ್ದು 1927ರಲ್ಲಿ, ಈಗ ಮಧ್ಯಪ್ರದೇಶದಲ್ಲಿರುವ ಮೈಹರ್‌ನಲ್ಲಿ, ಉಸ್ತಾದ್ ಅಲ್ಲಾವುದ್ದೀನ್ ಖಾನ್ ಮತ್ತು ಮದೀನಾ ಬೇಗಮ್ ದಂಪತಿಗಳ ಮಗಳಾಗಿ. ಹೆಸರು ರೋಶನಾರಾ. ಚೈತ್ರ ಹುಣ್ಣಿಮೆಯಂದು ಹುಟ್ಟಿದ ಮಗುವೆಂದು ಅಲ್ಲಿನ ಮಹಾರಾಜ ಬ್ರಿಜ್‌ನಾಥ್ ಸಿಂಗ್ ಅನ್ನಪೂರ್ಣಾ ಎಂದು ಕರೆದರು. ಆ ಮನೆಯಲ್ಲಿ ಎರಡು ಹೆಸರುಗಳು ಪರಸ್ಪರ ಜಗಳವಾಡಿದ್ದಿಲ್ಲ. ಎಲ್ಲರೂ 'ಬಾಬಾ' ಎನ್ನುತ್ತಿದ್ದ ಅಲ್ಲಾವುದ್ದೀನ್ ಖಾನರು ನಮಾಝ್ ಬಿಡದವರು. ಬೆಟ್ಟದ ಮೇಲಿನ ಶಾರದಾ ದೇವಿಯ ಬಗ್ಗೆಯೂ ಅಪಾರ ಭಕ್ತಿ ಇಟ್ಟುಕೊಂಡವರು. ಇದನ್ನು ಸಮನ್ವಯ ಎಂದೇನೂ ಅವರು ಭಾಷಣ ಮಾಡಲಿಲ್ಲ, ಬದುಕಿದರು ಅಷ್ಟೆ.

ಆದರೆ ಇಂಥ ಬಾಬಾ ಕೂಡ ಮಗಳಿಗೆ ಸಂಗೀತ ಕಲಿಸಲು ಹಿಂಜರಿದಿದ್ದರು. ಹಿರಿಯ ಮಗಳು ಜಹಾನಾರಾಗೆ ಕಲಿಸಿದ್ದರು. ಆಕೆ ಗಂಡನ ಮನೆ ಸೇರಿದಾಗ ಅಲ್ಲಿನವರು ತಂಬೂರಿಯನ್ನೇ ಸುಟ್ಟುಬಿಟ್ಟರಂತೆ. ಇನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ ಎಂದು ಬಾಬಾ ನಿರ್ಧರಿಸಿದರು. ಒಂದು ದಿನ ಅಣ್ಣ ಅಲಿ ಅಕ್ಬರ್ ಸರೋದ್ ಅಭ್ಯಾಸದಲ್ಲಿ ತಪ್ಪುತ್ತಿದ್ದಾಗ, ಹೊರಗೆ ಆಡುತ್ತಿದ್ದ ಪುಟ್ಟ ತಂಗಿ, ಬಾಬಾ ಕಲಿಸಿದ್ದು ಹಾಗಲ್ಲ, ಹೀಗೆ ಎಂದು ಹಾಡಿ ತೋರಿಸಿದಳು. ಬಾಬಾ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಕೈ ಪೆಟ್ಟಿಗೂ ಹೆಸರಾದದ್ದು. ಹುಡುಗಿ ಏಟು ಬೀಳುತ್ತದೆಂದು ನಡುಗಿದಳು. ಕೈಗೆ ತಂಬೂರಿ ಬಂತು.

ಮೊದಲು ಹಾಡುಗಾರಿಕೆ, ಆಮೇಲೆ ಸಿತಾರ್. ಕೊನೆಗೆ ಬಾಬಾ ಅವಳ ಮುಂದೆ ಸುರ್‌ಬಹಾರ್ ಇಟ್ಟರು. ಸಿತಾರ್ ಬಲ್ಲವರಿಗೂ ಬಾರದವರಿಗೂ ಹಿಡಿಸುತ್ತದೆ, ಸುರ್‌ಬಹಾರ್ ಹಾಗಲ್ಲ, ಜನ ಟೊಮೆಟೊ ಎಸೆದರೂ ಎಸೆದಾರು ಎಂದು ಎಚ್ಚರಿಸಿಯೇ ಕೇಳಿದರು. ಅವಳು ಒಪ್ಪಿದಳು. ಈ ಪ್ರಸಂಗವನ್ನು ಅನ್ನಪೂರ್ಣಾ ಅವರೇ ವಯಸ್ಸಾದ ಮೇಲೆ ನೆನೆದಿದ್ದಾರೆ.

1941ರಲ್ಲಿ ಮದುವೆ. ವರ ಬಾಬಾರ ಶಿಷ್ಯ ರವಿಶಂಕರ್, ವಯಸ್ಸು 21; ವಧುವಿಗೆ 14. ಮದುವೆ ನಡೆದದ್ದು ಹಿಂದೂ ಪದ್ಧತಿಯಲ್ಲಿ, ರೋಶನಾರಾ ಆ ಧರ್ಮವನ್ನು ಸ್ವೀಕರಿಸಿದ ಮೇಲೆ. ಮರುವರ್ಷ ಮಗ ಶುಭೇಂದ್ರ. ದಂಪತಿಗಳು ಒಟ್ಟಿಗೆ ಸಿತಾರ್-ಸುರ್‌ಬಹಾರ್ ಜುಗಲ್‌ಬಂದಿ ನುಡಿಸಿದರು. ಆಮೇಲೆ ಮೌನ. ಚಪ್ಪಾಳೆ ತನಗೆ ಹೆಚ್ಚು ಬೀಳುವುದು ಗಂಡನಿಗೆ ಸಹ್ಯವಾಗಲಿಲ್ಲ, ಸಂಸಾರ ಉಳಿಸಲು ಬಿಟ್ಟೆ ಎಂಬುದು ಅವರ ಮಾತಿನ ಸಾರ. ಆಕೆ ತಾನಾಗಿಯೇ ಬಿಟ್ಟಳು ಎಂದರು ರವಿಶಂಕರ್. 1973ರ 'ಅಭಿಮಾನ್' ಚಿತ್ರಕ್ಕೆ ಈ ಸಂಸಾರವೇ ಪ್ರೇರಣೆ ಎಂಬ ಮಾತಿದೆ. ಸಿನಿಮಾದಲ್ಲಿ ಹೆಂಡತಿ ಮತ್ತೆ ಹಾಡುತ್ತಾಳೆ, ಸಂಸಾರ ಕೂಡಿಕೊಳ್ಳುತ್ತದೆ. ಇಲ್ಲಿ ಎರಡೂ ಆಗಲಿಲ್ಲ. 1982ರಲ್ಲಿ ವಿಚ್ಛೇದನವಾಯಿತು.

ನಮ್ಮ ಬರಹಗಳು ಇಷ್ಟಕ್ಕೇ ನಿಲ್ಲುತ್ತವೆ. ಗಂಡನ ಅಸೂಯೆ, ಹೆಂಡತಿಯ ತ್ಯಾಗ, ಮುಗಿಯಿತು. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಸಂಸಾರಕ್ಕಾಗಿ ವೇದಿಕೆ ಬಿಟ್ಟಿದ್ದರೆ, ಸಂಸಾರ ಮುರಿದ ಮೇಲೆ ಮರಳಬಹುದಿತ್ತು. ಕರೆಯುವವರಿಗೆ ಬರವಿರಲಿಲ್ಲ. ಅವರು ಬರಲಿಲ್ಲ. ಟೊಮೆಟೊ ಬಿದ್ದರೂ ಸರಿ ಎಂದು ವಾದ್ಯ ಆರಿಸಿಕೊಂಡ ಹುಡುಗಿಗೆ ಸಭೆ ಯಾವತ್ತೂ ಮುಖ್ಯವಾಗಿರಲಿಲ್ಲವೇನೋ. ಬಿಡುವಂತೆ ಮಾಡಿದ್ದು ನೋವು. ಬಿಟ್ಟದ್ದನ್ನು ಬದುಕನ್ನಾಗಿ ಮಾಡಿಕೊಂಡದ್ದು ಮಾತ್ರ ಅವರದೇ ಆಯ್ಕೆ.

ಆ ಬದುಕು ಪಾಠದ್ದು. ನಿಖಿಲ್ ಬ್ಯಾನರ್ಜಿ ಕಲಿತದ್ದು ಇಲ್ಲಿ. ಸಿನಿಮಾ ಸ್ಟುಡಿಯೋಗಳಲ್ಲಿ ಕೊಳಲು ನುಡಿಸಿ ಹೆಸರಾಗಿದ್ದ ಹರಿಪ್ರಸಾದ್ ಚೌರಾಸಿಯಾ ಬಂದಾಗ ಅವರು ಒಪ್ಪಲಿಲ್ಲ, ವರ್ಷಗಟ್ಟಲೆ ಅಲೆಸಿದರು. ಕೊನೆಗೆ ಹರಿಪ್ರಸಾದ್, ಮೊದಲಿನಿಂದ ಕಲಿಯಲು ಸಿದ್ಧನೆಂದು ತೋರಿಸಲು, ಬಲಗೈ ವಾದನ ಬಿಟ್ಟು ಎಡಗೈಗೆ ತಿರುಗಿದರು. ನಮ್ಮ ರಾಜೀವ್ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. ಅವರೂ ಅನ್ನಪೂರ್ಣಾ ಅವರಿಂದ ಮಾರ್ಗದರ್ಶನ ಪಡೆದವರು. ಸರೋದ್, ಸಿತಾರ್, ಕೊಳಲು, ಯಾವುದೇ ಇರಲಿ, ಪಾಠ ನಡೆಯುತ್ತಿದ್ದುದು ಬಾಯಲ್ಲಿ ಹಾಡಿ. ಅಣ್ಣನಿಗೆ ಅಂಗಳದಲ್ಲಿ ತಿದ್ದಿದ ಹಾಗೆಯೇ.

ಹಾಗೆಂದು ಇದನ್ನು ಸಂತಳ ಕತೆ ಮಾಡಬೇಕಿಲ್ಲ. ಮಗ ತಂದೆಯ ಜೊತೆ ಅಮೆರಿಕಕ್ಕೆ ಹೋದವನು 1992ರಲ್ಲಿ ತೀರಿಕೊಂಡ. ಕೇಳುಗರಿಗೆ ಆದ ನಷ್ಟವೂ ಸಣ್ಣದಲ್ಲ. ಅವರ ವಾದನದ ಧ್ವನಿಮುದ್ರಿಕೆಗಳು ಬೆರಳೆಣಿಕೆಯಷ್ಟು, ಅವೂ ಗೊರಗೊರ ಸದ್ದಿನವು. 1977ರಲ್ಲಿ ಪದ್ಮಭೂಷಣ, 1991ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದವು. ಬಾಗಿಲಿನ ಫಲಕ ಬದಲಾಗಲಿಲ್ಲ.

ಅಡುಗೆ, ಮನೆಗೆಲಸ ಮಾಡಿಕೊಂಡು, ಬಾಲ್ಕನಿಗೆ ಬರುವ ಪಾರಿವಾಳಗಳಿಗೆ ಕಾಳು ಹಾಕಿ, ಶಿಷ್ಯರಿಗೆ ಪಾಠ ಹೇಳಿ ದಿನ ಕಳೆಯುತ್ತಿದ್ದರು. ಸುರ್‌ಬಹಾರ್ ಕೈಗೆತ್ತಿಕೊಳ್ಳುತ್ತಿದ್ದುದು ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ.