ಆತಕೂರಿನ ಕಾಳಿ: ತೊಗಲು, ಕಲ್ಲು ಮತ್ತು ನೆನಪು

ಖಾಸಬಾಗದ ನೇಕಾರರ ಓಣಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಒಂದು ವಾರ ತರಗತಿಗೆ ಬರಲಿಲ್ಲ. ಬಂದ ದಿನ ಕಾರಣ ಕೇಳಿದೆ. ಖಾನಾಪುರದ ಕಡೆ ಅವನ ಅಜ್ಜನಿಗೆ ಭತ್ತದ ಹೊಲವಿದೆ. ಆ ಹೊಲವನ್ನು ಕಾಡುಹಂದಿಗಳಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯ್ದ ನಾಯಿ ಸತ್ತಿತ್ತು. ಅಜ್ಜ ಊಟ ಬಿಟ್ಟು ಕುಳಿತಿದ್ದರಂತೆ. ಹುಡುಗ ತಡೆದು ತಡೆದು ಕೇಳಿದ: “ಸರ, ಅದನ್ನ ಇದ್ದಾಂಗ ಇಟಗೊಳ್ಳಾಕ ಬರತಿರಲಿಲ್ಲೇನ್ರಿ? ತೊಗಲು ತಗದು, ಒಳಗ ತುಂಬಿ, ನಿಂದರಿಸಿ ಇಡತಾರಂತ.” ನಗುವ ಪ್ರಶ್ನೆಯಲ್ಲ ಅದು. ದುಡಿದು ಸತ್ತ ಪ್ರಾಣಿಯನ್ನು ಉಳಿಸಿಕೊಳ್ಳುವುದೆಂದರೆ ಅದರ ಏನನ್ನು ಉಳಿಸಿಕೊಳ್ಳುವುದು? ಈ ಪ್ರಶ್ನೆಗೆ ಹತ್ತನೆಯ ಶತಮಾನದ ಕನ್ನಡ ನಾಡು ಒಂದು ಉತ್ತರವನ್ನು ಕಲ್ಲಿನಲ್ಲಿ ಬರೆದಿಟ್ಟಿದೆ. ಅದನ್ನು ನೋಡುವ ಮೊದಲು ಹುಡುಗ ಕೇಳಿದ ಕಲೆಯನ್ನೇ ನೋಡೋಣ.

ಟ್ಯಾಕ್ಸಿಡರ್ಮಿ ಎಂಬ ಆ ಕಲೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಜಗತ್ತಿನಲ್ಲೇ ಹೆಸರಾದುದಾಗಿತ್ತು. ಮಹಾರಾಜರೂ ಆಂಗ್ಲ ಅಧಿಕಾರಿಗಳೂ ಬೇಟೆಯಾಡಿದ ಹುಲಿ ಚಿರತೆಗಳ ತೊಗಲುಗಳು ಅಲ್ಲಿಗೆ ಬರುತ್ತಿದ್ದವು. ಹದಮಾಡಿದ ತೊಗಲನ್ನು ಕಾಗದದ ಮುದ್ದೆಯಿಂದ ಅಚ್ಚೊತ್ತಿದ ಬೊಂಬೆಯ ಮೇಲೆ ಹೊದಿಸಿ, ಗಾಜಿನ ಕಣ್ಣಿಟ್ಟು, ಸತ್ತ ಪ್ರಾಣಿಗೆ ಜೀವಂತ ಭಂಗಿಯನ್ನು ಕೊಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕೆಲಸ ಕುಗ್ಗುತ್ತ ಬಂದು, ಶತಮಾನದ ಕೊನೆಗೆ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ಉಳಿಸಿದ್ದು ಬಹುಮಟ್ಟಿಗೆ ಕೊಂದವನ ಹೆಮ್ಮೆಯನ್ನು. ಸತ್ತ ಪ್ರಾಣಿಗೆ ಹೆಸರಿರಲಿಲ್ಲ, ಕೊಂದವನಿಗಿತ್ತು.

ಪ್ರೀತಿಯಿಂದ ಉಳಿಸಿಕೊಂಡ ದುಡಿಮೆಯ ನಾಯಿಗಳೂ ಇವೆ. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಕಣಿವೆಯ ಮಠದಲ್ಲಿ, ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕುತ್ತಿದ್ದ ಬ್ಯಾರಿ ಎಂಬ ನಾಯಿ 1814ರಲ್ಲಿ ಸತ್ತಿತು. ನಲವತ್ತು ಜೀವಗಳನ್ನು ಉಳಿಸಿತೆಂದು ಐತಿಹ್ಯ. ಅದರ ತೊಗಲನ್ನು ತುಂಬಿ ಬರ್ನ್ ನಗರದ ನಿಸರ್ಗ ವಿಜ್ಞಾನ ಸಂಗ್ರಹಾಲಯದಲ್ಲಿ ಇಟ್ಟರು. ನೂರು ವರ್ಷ ಕಳೆಯುವಷ್ಟರಲ್ಲಿ ಆ ತೊಗಲು ಒಣಗಿ ತುಂಡುತುಂಡಾಯಿತು. 1923ರಲ್ಲಿ ಮತ್ತೆ ಜೋಡಿಸುವಾಗ, ಆ ತಳಿಯ ನಾಯಿಗಳು ಆ ಹೊತ್ತಿಗೆ ಹೇಗಿದ್ದವೋ ಹಾಗೆ ತಲೆಯ ಆಕಾರವನ್ನು ತಿದ್ದಿದರು. ತಗ್ಗಿದ್ದ ತಲೆಯನ್ನು ಮೇಲೆತ್ತಿ ನಿಲ್ಲಿಸಿದರು. ಹೀಗೆ ಇಂದು ಅಲ್ಲಿ ನಿಂತಿರುವುದು ಬ್ಯಾರಿಯ ತೊಗಲು, ಆದರೆ ಬ್ಯಾರಿಯ ಮುಖವಲ್ಲ. ಟೋಕಿಯೋದ ಹಚಿಕೋ, ಕ್ಲೀವ್‌ಲ್ಯಾಂಡಿನ ಬಾಲ್ಟೋ ಇವುಗಳನ್ನೂ ಹೀಗೆಯೇ ಕಾಪಿಟ್ಟಿದ್ದಾರೆ. ರೂಪವನ್ನು ಉಳಿಸಲು ಹೊರಟ ಕಲೆಗೆ ರೂಪವೇ ಮೊದಲು ಜಾರುತ್ತದೆ ಎಂಬುದಕ್ಕೆ ಬ್ಯಾರಿ ಸಾಕ್ಷಿ.

ಇನ್ನು ನಮ್ಮ ನಾಡಿನ ಕಲ್ಲಿಗೆ ಬರೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವೇ. ಕಾಲ ಶಕ 872, ಸೌಮ್ಯ ಸಂವತ್ಸರ, ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ, ಇಂದಿನ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ಕಾದಿದನು. ಕೃಷ್ಣನ ಭಾವನೂ ಸಾಮಂತನೂ ಆದ ಗಂಗ ಇಮ್ಮಡಿ ಬೂತುಗನು ಆ ಯುದ್ಧದಲ್ಲಿ ರಾಜಾದಿತ್ಯನನ್ನು ಕೊಂದನು. ಇದಕ್ಕೆ ಮೆಚ್ಚಿ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತುಗಳನ್ನು ಬೂತುಗನಿಗೆ ಕೊಟ್ಟನು. ಬೆಳಗಾವಿಯ ನಮ್ಮ ಕೂಂಡಿ ನಾಡಿನ ನೆರೆಹೊರೆಯೆಲ್ಲ ಹೀಗೆ ಗಂಗರ ಕೈ ಸೇರಿತು.

ಅದೇ ಯುದ್ಧದಲ್ಲಿ ಬೂತುಗನ ಆಳು ಮಣಲೆರನೆಂಬವನು ಎದುರಾಳಿಗಳ ಮೇಲೆ ನುಗ್ಗಿ ಕಾದಿದನು. ಮೆಚ್ಚಿದ ಬೂತುಗ, ಬೇಕಾದುದನ್ನು ಬೇಡೆಂದನು. ಮಣಲೆರ ಸಾಮಾನ್ಯ ಬಂಟನಲ್ಲ. ಸಗರವಂಶದವನು, ವಳಭೀಪುರದ ಒಡೆಯನೆಂಬ ಬಿರುದುಳ್ಳವನು. ಅವನು ಮೊದಲು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಲಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಿ ಒಟ್ಟಿಗೆ ಸತ್ತವು. ಆತಕೂರಿನ ಚೆಲ್ಲೇಶ್ವರ ದೇವಾಲಯದ ಮುಂದೆ ಕಾಳಿಗಾಗಿ ಕಲ್ಲು ನಿಂತಿತು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಕಲ್ಲಿನ ಪೂಜೆಗೆಂದು ಬಿಟ್ಟರು.

ಈ ಕಲ್ಲಿನಲ್ಲಿ ಕಾಳಿಯ ಮೈಯ ಬಣ್ಣವಿಲ್ಲ, ಎತ್ತರವಿಲ್ಲ, ತಳಿಯಿಲ್ಲ. ನಾಯಿಯೂ ಹಂದಿಯೂ ಕಾದುವ ಉಬ್ಬುಶಿಲ್ಪವಿದೆ ನಿಜ, ಆದರೆ ಅದು ಕಾಳಿಯ ಪಡಿಯಚ್ಚೆಂದು ಯಾರೂ ಹೇಳಲಾರರು. ಶಾಸನ ಕಾದುಕೊಂಡದ್ದು ಬೇರೆ ನಾಲ್ಕು ಸಂಗತಿಗಳನ್ನು: ಹೆಸರು, ಮಾಡಿದ ಕೆಲಸ, ಸತ್ತ ಜಾಗ, ಬದುಕಿರುವವರ ಹೊಣೆ. ನಾಲ್ಕನೆಯದು ಮುಖ್ಯವಾದುದು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೈದ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನ ವಿಧಿಸುತ್ತದೆ. ತುಂಬಿದ ತೊಗಲು ನೋಡುವವನಿಂದ ಏನನ್ನೂ ಕೇಳುವುದಿಲ್ಲ. ಈ ಕಲ್ಲು ಒಬ್ಬ ಮನುಷ್ಯನ ದಿನದ ಅನ್ನಕ್ಕೂ ಒಂದು ನಾಯಿಯ ನೆನಪಿಗೂ ಗಂಟು ಹಾಕಿತು.

ಆ ವಿಧಿಯ ಮಾತನ್ನು ಇನ್ನೊಮ್ಮೆ ಗಮನಿಸಬೇಕು. ಕಾಳಿಯನ್ನು ಪೂಜೆಗೆ ತಕ್ಕುದೆಂದು ನಿಲ್ಲಿಸಿದ ಶಾಸನವೇ ಕಾಳಿ ಗೈದ ಪಾಪವೆಂಬುದೊಂದಿದೆಯೆಂದೂ ಒಪ್ಪುತ್ತದೆ. ಶಾಪವಾಕ್ಯದ ರೂಢಿಯೆಂದು ಇದನ್ನು ತಳ್ಳಿಹಾಕಬಹುದು. ಆದರೆ ಬೇಟೆನಾಯಿಯ ಬದುಕು ಹಿಂಸೆಯ ಬದುಕು ಎಂಬ ಅರಿವು ಆ ಸಮಾಜಕ್ಕಿತ್ತು ಎಂದು ಓದಲೂ ಎಡೆಯಿದೆ. ಗಂಗರು ಜಿನಧರ್ಮದ ಆಶ್ರಯದಾತರು. ಹಂದಿಯ ಬೇಟೆಯೂ ಬಸದಿಯ ದತ್ತಿಯೂ ಒಂದೇ ಅರಮನೆಯ ನೆರಳಿನಲ್ಲಿ ನಡೆಯುತ್ತಿದ್ದವು. ಈ ಇಕ್ಕಟ್ಟನ್ನು ಮುಚ್ಚಿ ಬರೆಯುವುದು ಇತಿಹಾಸಕ್ಕೆ ಸಲ್ಲದು.

ಜೈನ ಕಥಾಪರಂಪರೆ ನಾಯಿಯನ್ನು ನೆನೆಯುವ ದಾರಿಯೇ ಬೇರೆ. ಜೀವಂಧರನ ಕಥೆಯಲ್ಲಿ ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ರಾಜಕುಮಾರ ಪಂಚನಮಸ್ಕಾರವನ್ನು ಹೇಳುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಉಪಕಾರವನ್ನು ಮರೆಯದೆ ಬಂದು ಅವನಿಗೆ ನೆರವಾಗುತ್ತದೆ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಈ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ. ಇಲ್ಲಿ ದೇಹ ಬಿದ್ದುಹೋಗುವಂಥದು, ಮುಂದೆ ನಡೆಯುವುದು ಜೀವ. ನೆನಪಿಡುವವನು ಮನುಷ್ಯನಲ್ಲ, ನಾಯಿಯೇ! ಬೂತುಗನ ಮಗ ಮಾರಸಿಂಹನು ಕ್ರಿ.ಶ. 974ರ ಹೊತ್ತಿಗೆ ರಾಜ್ಯ ತೊರೆದು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಗೆಲವುಗಳನ್ನೂ ಆ ಸಾವನ್ನೂ ಒಟ್ಟಿಗೆ ದಾಖಲಿಸುತ್ತದೆ. ತಂದೆಯ ಕಾಲದಲ್ಲಿ ನಾಯಿಗೊಂದು ಕಲ್ಲು, ಮಗನಿಗೊಂದು ಕಂಬ. ಎರಡರಲ್ಲಿಯೂ ದೇಹವನ್ನು ಹಿಡಿದಿಡುವ ಹಂಬಲವಿಲ್ಲ. ಬಾಳಿದ ಬಗೆಯನ್ನೂ ಬಿಟ್ಟುಹೋದ ಬಗೆಯನ್ನೂ ಅಕ್ಷರಕ್ಕೆ ಒಪ್ಪಿಸುವ ಎಚ್ಚರವಿದೆ.

ಒಂದು ಸಂಗತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಆತಕೂರಿನ ಕಲ್ಲಿಗೆ ಹೆಸರಾದ ಸೌಮ್ಯ ಸಂವತ್ಸರದಲ್ಲಿಯೇ ಮುದುವೊಳಲಿನ ಬಳೆಗಾರರ ಮನೆಯಲ್ಲಿ ರನ್ನ ಹುಟ್ಟಿದ. ಮಾರಸಿಂಹನ ದಂಡನಾಯಕನಾಗಿದ್ದ ಚಾವುಂಡರಾಯನೇ ಮುಂದೆ ಅವನಿಗೆ ಆಶ್ರಯವಿತ್ತವನು. ಆ ಮುದುವೊಳಲೇ ಇಂದಿನ ಮುಧೋಳ. ಕವಿಯ ಊರು ಇಂದು ಬೇಟೆನಾಯಿಯ ತಳಿಯಿಂದ ದೇಶಕ್ಕೆಲ್ಲ ಹೆಸರಾಗಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಕಾಳಿಗೂ ಈ ತಳಿಗೂ ನಂಟು ಹೇಳಲು ಆಧಾರವಿಲ್ಲ, ಹೇಳಬಾರದು. ನಾಯಿಯನ್ನು ಗೌರವದಿಂದ ಹೆಸರಿಸುವ ನಾಡು ಇದೆಂಬಷ್ಟನ್ನು ಮಾತ್ರ ಹೇಳಬಹುದು.

ಆತಕೂರಿನ ಏರ್ಪಾಟೂ ಶಾಶ್ವತವಾಗಲಿಲ್ಲ. ಇಂದು ಆ ಕಲ್ಲಿಗೆ ಗೊರವನಿಲ್ಲ, ಪೂಜೆಯಿಲ್ಲ. ಕಲ್ಲು ತನ್ನ ಊರನ್ನು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ಅಕ್ಷರ ಉಳಿಯಿತು. ಫ್ಲೀಟ್ ಮತ್ತು ರೈಸ್ ಅವರ ಕಾಲದಿಂದ ವಿದ್ವಾಂಸರು ಅದನ್ನು ಓದುತ್ತಿದ್ದಾರೆ. ತಕ್ಕೋಲದ ಯುದ್ಧವನ್ನು ಗೆದ್ದವರ ಕಡೆಯಿಂದ ತಿಳಿಯಬೇಕಾದರೆ ಇತಿಹಾಸಕಾರ ಹೋಗಬೇಕಾದದ್ದು ಈ ಕಲ್ಲಿನ ಬಳಿಗೇ. ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ಅರಸನೆಂದು ಚೋಳರು ನೆನೆದರು. ಅವನನ್ನು ಕೊಂದವನು ಯಾರೆಂಬುದನ್ನು ಕನ್ನಡದಲ್ಲಿ ಹೇಳಿದ್ದು ನಾಯಿಯ ಕಲ್ಲು. ನಾಯಿಗೆ ಪ್ರಾಮಾಣಿಕವಾಗಿ ಬರೆದ ನಾಲ್ಕು ಮಾತಿನ ಜತೆಗೆ ಸಾಮ್ರಾಜ್ಯಗಳ ಚರಿತ್ರೆಯೂ ಉಳಿದುಕೊಂಡಿತು.

ಇದನ್ನೆಲ್ಲ ಹೇಳಿ, ಅಜ್ಜನನ್ನು ಕೇಳಿ ನಾಯಿಯ ವಿಷಯ ಬರೆದು ತಾ ಎಂದೆ. ನಾಯಿಯನ್ನು ಅವರು ಆಗಲೇ ಹೊಲದ ಬದುವಿನಲ್ಲಿ ಹೂಳಿದ್ದರು. ಹುಡುಗ ಎರಡು ಪುಟ ಬರೆದು ತಂದ. ಅದರಲ್ಲಿ ನಾಯಿಯ ಹೆಸರಿತ್ತು, ಅದನ್ನು ಯಾವ ಸಂತೆಯಿಂದ ತಂದರೆಂದಿತ್ತು. ಅದರೊಂದಿಗೆ ಹಂದಿಗಳು ಇಳಿದು ಬರುತ್ತಿದ್ದ ದಿಕ್ಕು, ಈಗಿಲ್ಲದ ಕಾವಲಿನ ಅಟ್ಟಣೆ, ಅಜ್ಜ ಬೆಳೆಯುತ್ತಿದ್ದ, ಈಗ ಯಾರೂ ಬಿತ್ತದ ಒಂದು ಭತ್ತದ ತಳಿ ಇವೂ ಬಂದಿದ್ದವು. ಬರೆಯುವಾಗ ಅಜ್ಜ ಊಟಕ್ಕೆ ಎದ್ದರೇ ಎಂದು ಕೇಳಿದೆ. “ಎದ್ರ ಸರ. ಮತ್ತ ಹೇಳತೇನಿ ಬರಕೋ ಅಂದಾರ,” ಎಂದ.